ಸಾಂದ್ರತೆ 21.5: ಒಂಟಿ ಕೊಳಲಿನ ನಾಲ್ಕು ನಿಮಿಷ

ಸಂಗೀತದ ಕೃತಿಯೊಂದಕ್ಕೆ ಹೆಸರಿಡುವುದು ಹೇಗೆ? ನಮ್ಮಲ್ಲಾದರೆ ಸಾಹಿತ್ಯದ ಮೊದಲ ಮಾತೇ ಹೆಸರಾಗುತ್ತದೆ, ಜೊತೆಗೆ ರಾಗ ತಾಳಗಳನ್ನು ಹೇಳುತ್ತೇವೆ. ಪಶ್ಚಿಮದಲ್ಲಿ ಕೃತಿಯ ಪ್ರಕಾರ, ಕ್ರಮಸಂಖ್ಯೆ ಹೇಳುವುದುಂಟು. ಚಂದ್ರ, ಕಡಲು, ಋತುಗಳ ಹೆಸರಿಡುವುದೂ ಉಂಟು. ಆದರೆ ಭೌತಶಾಸ್ತ್ರದ ಪ್ರಯೋಗಾಲಯದ ಕೋಷ್ಟಕದಿಂದ ಒಂದು ಅಂಕಿಯನ್ನು ಎತ್ತಿ ತಂದು ಸಂಗೀತಕ್ಕೆ ಹೆಸರಿಟ್ಟವರು ಎಷ್ಟು ಮಂದಿ? ಅಂಥವರಲ್ಲಿ ಒಬ್ಬರು ಎಡ್ಗಾರ್ ವಾರೆಜ್. ಕೃತಿಯ ಹೆಸರು ‘ಡೆನ್ಸಿಟಿ 21.5’, ಅಂದರೆ ‘ಸಾಂದ್ರತೆ 21.5’. ಒಂದೇ ಒಂದು ಕೊಳಲಿಗಾಗಿ ಬರೆದದ್ದು. ಪಿಯಾನೋ ಇಲ್ಲ, ಪಿಟೀಲು ಇಲ್ಲ, ತಾಳವಾದ್ಯವಿಲ್ಲ, ಹಿಂದೆ ಶ್ರುತಿಯೂ ಇಲ್ಲ. ನುಡಿಸಲು ಹಿಡಿಯುವ ಕಾಲ ಸುಮಾರು ನಾಲ್ಕು ನಿಮಿಷ.

ಈ ನಾಲ್ಕು ನಿಮಿಷಗಳ ಕೃತಿ ನಮ್ಮ ಕಾರ್ಯಕ್ರಮವೊಂದರ ಧ್ವನಿಮುದ್ರಣವನ್ನೇ ಒಮ್ಮೆ ನಿಲ್ಲಿಸಿತು. ಆ ಕಥೆಯಿಂದಲೇ ಆರಂಭಿಸೋಣ.

ಒಂದು ಪ್ರಶ್ನೆ

ವಾದ್ಯಗಳ ವಿಜ್ಞಾನವನ್ನು ಕುರಿತ ಸಂವಾದ ಅದು. ಸ್ಟುಡಿಯೋದಲ್ಲಿ ಹದಿನೈದು ಇಪ್ಪತ್ತು ವಿದ್ಯಾರ್ಥಿಗಳು ಕುಳಿತಿದ್ದರು. ನಿರೂಪಣೆಯ ಸಾಲುಗಳನ್ನು ನಾನೇ ಬರೆದಿದ್ದೆ. ‘ಪ್ಲಾಟಿನಂ ಅತಿ ಭಾರದ ಲೋಹವಾದ್ದರಿಂದ ಅದರಿಂದ ಮಾಡಿದ ಕೊಳಲಿನ ನಾದವೂ ಗಂಭೀರವಾಗಿ, ತೂಕವಾಗಿ ಇರುತ್ತದೆ’ ಎಂಬ ಸಾಲು ಅದರಲ್ಲಿತ್ತು. ಕೇಳಲು ಸರಿಯಾಗಿಯೇ ಇದೆಯಲ್ಲವೇ? ನನಗೂ ಹಾಗೇ ಅನ್ನಿಸಿತ್ತು.

ಮುಂದಿನ ಸಾಲಿನಲ್ಲಿದ್ದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು. ‘ಸರ್, ನಾನು ಕಲಿಯುತ್ತಿರುವುದು ಬಿದಿರಿನ ಕೊಳಲಿನಲ್ಲಿ. ಅದು ಕೈಯಲ್ಲಿ ಹಿಡಿದರೆ ಹಗುರ. ಹಾಗಾದರೆ ಅದರಲ್ಲಿ ಗಂಭೀರವಾದ ನಾದ ಬರುವುದೇ ಇಲ್ಲವೇ? ನಮ್ಮ ಮೇಷ್ಟ್ರು ನುಡಿಸಿದರೆ ಬರುತ್ತದಲ್ಲ?’

ಭೌತಶಾಸ್ತ್ರದಲ್ಲಿ ಪದವಿ ಪಡೆದವನು ನಾನು. ಆದರೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಕ್ಯಾಮೆರಾ ನಿಲ್ಲಿಸಿ ಆ ಭಾಗವನ್ನು ಬದಿಗಿಟ್ಟೆವು. ಆಮೇಲೆ ಓದುತ್ತಾ ಹೋದಂತೆ ನನ್ನ ಸಾಲು ತಪ್ಪು ಎಂದೂ, ಆಕೆಯ ಪ್ರಶ್ನೆಯ ಬೆನ್ನು ಹತ್ತಿ ದೊಡ್ಡ ದೊಡ್ಡ ವಿಜ್ಞಾನಿಗಳೇ ಪ್ರಯೋಗ ಮಾಡಿದ್ದಾರೆಂದೂ ತಿಳಿಯಿತು. ಈ ಲೇಖನ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಹೆಸರಿನ ಹಿಂದಿನ ಲೋಹ

ಒಂದು ವಸ್ತುವಿನ ಒಂದು ಘನ ಸೆಂಟಿಮೀಟರಿನಷ್ಟು ಗಾತ್ರದಲ್ಲಿ ಎಷ್ಟು ಗ್ರಾಂ ರಾಶಿ ಇದೆ ಎಂಬುದೇ ಅದರ ಸಾಂದ್ರತೆ. ನೀರಿನದು 1. ಕಬ್ಬಿಣದ್ದು 7.87, ಬೆಳ್ಳಿಯದು 10.5, ಸೀಸದ್ದು 11.3, ಚಿನ್ನದ್ದು 19.3. ಪ್ಲಾಟಿನಂನದು 21.45. ಅದನ್ನು ಮೀರಿಸುವ ಲೋಹಗಳು ಇರಿಡಿಯಂ, ಆಸ್ಮಿಯಂನಂಥ ಕೆಲವೇ. ಒಂದು ಲೀಟರ್ ಹಿಡಿಯುವ ಚೊಂಬಿನಲ್ಲಿ ನೀರು ತುಂಬಿದರೆ ತೂಕ ಒಂದು ಕಿಲೋ. ಅದೇ ಚೊಂಬಿನಲ್ಲಿ ಪ್ಲಾಟಿನಂ ತುಂಬಿದರೆ ಇಪ್ಪತ್ತೊಂದೂವರೆ ಕಿಲೋ! ಬಾವಿಯಿಂದ ತುಂಬಿದ ಕೊಡ ಎತ್ತಿದಷ್ಟು ಭಾರ.

ಈ ಲೋಹಕ್ಕೂ ಸಂಗೀತಕ್ಕೂ ನಂಟು ಬೆಸೆದವರು ಜಾರ್ಜ್ ಬ್ಯಾರೇರ್ ಎಂಬ ಫ್ರೆಂಚ್ ಕೊಳಲುವಾದಕರು. 1876ರಲ್ಲಿ ಹುಟ್ಟಿದ ಇವರು ಹದಿನೆಂಟರ ವಯಸ್ಸಿನಲ್ಲೇ, 1894ರಲ್ಲಿ, ಪ್ಯಾರಿಸಿನಲ್ಲಿ ಕ್ಲೋಡ್ ಡೆಬ್ಯುಸಿಯ ಪ್ರಸಿದ್ಧ ವಾದ್ಯವೃಂದ ಕೃತಿ ‘ಪ್ರೆಲ್ಯೂಡ್ ಟು ದಿ ಆಫ್ಟರ್‌ನೂನ್ ಆಫ್ ಎ ಫಾನ್’ ಮೊದಲ ಬಾರಿ ಕೇಳಿಬಂದಾಗ ಅದರ ಆರಂಭದ ಕೊಳಲಿನ ಭಾಗವನ್ನು ನುಡಿಸಿದವರು. ಮುಂದೆ ಅಮೆರಿಕದಲ್ಲಿ ನೆಲೆಸಿದರು. 1935ರಲ್ಲಿ ಅವರಿಗಾಗಿ ಬಾಸ್ಟನ್ನಿನ ಹೇನ್ಸ್ ಸಂಸ್ಥೆ ಪ್ಲಾಟಿನಂಗೆ ಸ್ವಲ್ಪ ಇರಿಡಿಯಂ ಬೆರೆಸಿ ಒಂದು ಕೊಳಲು ತಯಾರಿಸಿತು. ನಿಮ್ಮ ಪಠ್ಯಪುಸ್ತಕದಲ್ಲಿ ಇವೇ ಎರಡು ಲೋಹಗಳ ಜೋಡಿಯನ್ನು ನೀವು ಬೇರೊಂದೆಡೆ ಕಂಡಿರಬಹುದು. 1889ರಿಂದ 2019ರವರೆಗೆ ಜಗತ್ತಿಗೆಲ್ಲ ‘ಒಂದು ಕಿಲೋಗ್ರಾಂ’ ಎಂದರೆ ಎಷ್ಟೆಂದು ನಿರ್ಧರಿಸುತ್ತಿದ್ದ, ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿ ಜೋಪಾನವಾಗಿಟ್ಟಿದ್ದ ಪುಟ್ಟ ಉರುಳೆಯೂ ಶೇಕಡ 90 ಪ್ಲಾಟಿನಂ, ಶೇಕಡ 10 ಇರಿಡಿಯಂನಿಂದ ಆದದ್ದು. ಸವೆಯದ, ತುಕ್ಕು ಹಿಡಿಯದ ಲೋಹ ಬೇಕೆಂದಾಗ ವಿಜ್ಞಾನಿಗಳು ಆರಿಸಿಕೊಂಡದ್ದು ಅದನ್ನೇ.

ಹೊಸ ಕೊಳಲು ಬಂದ ಮೇಲೆ ಅದಕ್ಕೊಂದು ಹೊಸ ಕೃತಿ ಬೇಡವೇ? ಬ್ಯಾರೇರ್ ಅವರು ತಮ್ಮಂತೆಯೇ ಫ್ರಾನ್ಸಿನಿಂದ ನ್ಯೂಯಾರ್ಕಿಗೆ ಬಂದಿದ್ದ ವಾರೆಜ್ ಅವರನ್ನು ಕೇಳಿದರು. 1936ರ ಜನವರಿಯಲ್ಲಿ ಕೃತಿ ಸಿದ್ಧವಾಯಿತು. ಫೆಬ್ರವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬ್ಯಾರೇರ್ ಅದನ್ನು ನುಡಿಸಿದರು. 1946ರಲ್ಲಿ ವಾರೆಜ್ ಅದನ್ನು ಪರಿಷ್ಕರಿಸಿದರು. ಅಷ್ಟರಲ್ಲಿ ಬ್ಯಾರೇರ್ ತೀರಿಕೊಂಡು ಎರಡು ವರ್ಷವಾಗಿತ್ತು.

ಇಂಜಿನಿಯರ್ ಆಗಬೇಕಾಗಿದ್ದವರು

ವಾರೆಜ್ ಹುಟ್ಟಿದ್ದು 1883ರಲ್ಲಿ, ಪ್ಯಾರಿಸಿನಲ್ಲಿ. ಮಗ ಇಂಜಿನಿಯರ್ ಆಗಲಿ ಎಂಬುದು ತಂದೆಯ ಹಠ. ಮಗನ ಮನಸ್ಸು ಸಂಗೀತದಲ್ಲಿ. ಮನೆಯ ವಿರೋಧ ಕಟ್ಟಿಕೊಂಡು ಸಂಗೀತಕ್ಕೆ ಬಂದರೂ ವಿಜ್ಞಾನದ ಮೇಲಿನ ಪ್ರೀತಿ ಬಿಡಲಿಲ್ಲ. ತಮ್ಮ ಸಂಗೀತವನ್ನು ಅವರು ‘ವ್ಯವಸ್ಥಿತಗೊಳಿಸಿದ ಧ್ವನಿ’ ಎಂದು ಕರೆದುಕೊಳ್ಳುತ್ತಿದ್ದರು. 1931ರಲ್ಲಿ ಮುಗಿಸಿದ ‘ಅಯೊನೈಸೇಷನ್’ ಎಂಬ ಅವರ ಕೃತಿ ಬಹುಮಟ್ಟಿಗೆ ತಾಳವಾದ್ಯಗಳಿಂದಲೇ ಆದದ್ದು, ಸೈರನ್‌ಗಳೂ ಅದರಲ್ಲಿವೆ. ಅದಕ್ಕೂ ಹೆಸರು ಬಂದದ್ದು ಭೌತಶಾಸ್ತ್ರದಿಂದಲೇ.

ವಿದ್ಯುತ್ತಿನಿಂದ ಹೊಸ ನಾದಗಳನ್ನು ಹುಟ್ಟಿಸುವ ಯಂತ್ರ ಬೇಕು ಎಂಬುದು ಅವರ ಹಂಬಲ. 1930ರ ದಶಕದಲ್ಲಿ ಅದಕ್ಕಾಗಿ ನೆರವು ಕೋರಿ ಬರೆದ ಪತ್ರಗಳು ಫಲ ಕೊಡಲಿಲ್ಲ. ಅಂಥ ದಿನಗಳಲ್ಲಿ ಅವರ ಕೈಗೆ ಬಂದದ್ದು ಒಂದು ಕೊಳವೆ, ಅದನ್ನು ಊದುವ ಒಬ್ಬ ಮನುಷ್ಯ. ಬೇಕಾದ ಯಂತ್ರ ಸಿಗಲಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಇದ್ದ ಕೊಳವೆಯಿಂದಲೇ ಅದುವರೆಗೆ ಯಾರೂ ಹೊರಡಿಸದಿದ್ದ ನಾದಗಳನ್ನು ಹೊರಡಿಸಲು ಹೊರಟರು. ಇದಾದ ಮೇಲೆ ಬಹುಕಾಲ ಅವರಿಂದ ದೊಡ್ಡ ಕೃತಿ ಬರಲಿಲ್ಲ. 1950ರ ದಶಕದಲ್ಲಿ ಟೇಪ್ ರೆಕಾರ್ಡರ್ ಕೈಗೆ ಬಂದ ಮೇಲೆ ಹಳೆಯ ಕನಸು ನನಸಾಯಿತು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ನೂರಾರು ಧ್ವನಿವರ್ಧಕಗಳ ಮೂಲಕ ಅವರ ವಿದ್ಯುನ್ಮಾನ ಸಂಗೀತ ಮೊಳಗಿತು. ಆ ಮಂಟಪದ ಹೊಣೆ ಹೊತ್ತಿದ್ದವರು ನಮ್ಮ ಚಂಡೀಗಢ ನಗರವನ್ನು ಯೋಜಿಸಿದ ಲ ಕಾರ್ಬೂಸಿಯೇ ಅವರೇ. ವಾರೆಜ್ ನಿಧನರಾದದ್ದು 1965ರಲ್ಲಿ.

ಹಾಡುವುದು ಯಾವುದು?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಕೊಳಲು ನುಡಿದಾಗ ನಿಜವಾಗಿ ಕಂಪಿಸುವುದು ಯಾವುದು?

ವೀಣೆಯಲ್ಲಿ ಕಂಪಿಸುವುದು ತಂತಿ. ಮೃದಂಗದಲ್ಲಿ ಚರ್ಮ. ಗಂಟೆಯಲ್ಲಿ ಲೋಹವೇ. ಗಂಟೆಯನ್ನು ಕಂಚಿನ ಬದಲು ಸೀಸದಲ್ಲಿ ಎರಕ ಹೊಯ್ದರೆ ‘ಠಣ್’ ಅನ್ನುವ ಬದಲು ‘ದಬ್’ ಅಂದೀತು. ಆದರೆ ಕೊಳಲಿನಲ್ಲಿ ಕಂಪಿಸುವುದು ಕೊಳವೆಯಲ್ಲ, ಅದರೊಳಗಿನ ಗಾಳಿ. ವಾದಕನ ತುಟಿಗಳ ನಡುವಿನಿಂದ ತೆಳುವಾದ ಹಾಳೆಯಂತೆ ಹೊರಟ ಉಸಿರು ಊದುವ ರಂಧ್ರದ ಎದುರು ಅಂಚಿಗೆ ಬಡಿಯುತ್ತದೆ. ಆ ಹಾಳೆ ಒಮ್ಮೆ ರಂಧ್ರದ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗಾಡುತ್ತದೆ. ಒಳಗಿರುವ ವಾಯುಸ್ತಂಭ ಆ ತೂಗಾಟಕ್ಕೆ ಗತಿ ಹಾಕಿಕೊಡುತ್ತದೆ. ತೂಗಾಟ ವಾಯುಸ್ತಂಭದ ಕಂಪನವನ್ನು ನಿಲ್ಲದಂತೆ ನೋಡಿಕೊಳ್ಳುತ್ತದೆ. ಜೋಕಾಲಿಯಲ್ಲಿ ಕುಳಿತ ಮಗುವನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ.

ಲೆಕ್ಕ ಹಾಕಿ ನೋಡಿ. ಪಾಶ್ಚಾತ್ಯ ಕೊಳಲಿನ ವಾಯುಸ್ತಂಭದ ಉದ್ದ, ಎಲ್ಲ ರಂಧ್ರಗಳೂ ಮುಚ್ಚಿದ್ದಾಗ, ಸುಮಾರು 66 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎರಡು ತುದಿಯೂ ತೆರೆದ ಕೊಳವೆಯಲ್ಲಿ ಅತಿ ಕೆಳಗಿನ ಸ್ವರದ ತರಂಗಾಂತರ ಉದ್ದದ ಎರಡರಷ್ಟು, ಅಂದರೆ 1.32 ಮೀಟರ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿದರೆ 260. ಕೊಳಲಿನ ಅತಿ ಕೆಳಗಿನ ‘ಸಿ’ ಸ್ವರದ ಆವೃತ್ತಿ ಸೆಕೆಂಡಿಗೆ ಸುಮಾರು 262 ಕಂಪನಗಳು. ಲೆಕ್ಕ ಎಷ್ಟು ಹತ್ತಿರ ಬಂತು ನೋಡಿ! ಈ ಲೆಕ್ಕದಲ್ಲಿ ಉದ್ದ ಬಂತು, ಗಾಳಿ ಬಂತು, ಉಷ್ಣತೆ ಬಂತು. ಲೋಹದ ಹೆಸರು ಎಲ್ಲಿಯಾದರೂ ಬಂತೇ?

ಸ್ವರದ ಎತ್ತರದ ಮಾತು ಸರಿ, ನಾದದ ಗುಣ? ಅಲ್ಲಿ ಲೋಹದ ಪ್ರಭಾವವಿರಬಾರದೇಕೆ? ಈ ಪ್ರಶ್ನೆಯ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಚರ್ಚೆ ನಡೆದಿದೆ.

ಮೂರು ಪ್ರಯೋಗಗಳು

ಡೇಟನ್ ಮಿಲ್ಲರ್ ಎಂಬ ಅಮೆರಿಕದ ಭೌತವಿಜ್ಞಾನಿ ಕೊಳಲಿನ ಹುಚ್ಚು ಹತ್ತಿಸಿಕೊಂಡವರು. ಅವರು ಸಂಗ್ರಹಿಸಿದ ಸುಮಾರು 1,700 ಕೊಳಲುಗಳು ಇಂದಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 1909ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವರು ಸತುವಿನ ತೆಳು ತಗಡಿನಿಂದ ಎರಡು ಗೋಡೆಗಳುಳ್ಳ ಚೌಕಾಕಾರದ ಕೊಳವೆ ಮಾಡಿ, ಗೋಡೆಗಳ ನಡುವೆ ನೀರು ತುಂಬಿದರು. ನೀರು ತುಂಬುತ್ತಾ ಹೋದಂತೆ ನಾದ ಬದಲಾಯಿತು. ಗೋಡೆ ಯಾವುದರಿಂದ ಆಗಿದೆ ಎಂಬುದು ಮುಖ್ಯವೇ ಎಂದು ಅವರು ತೀರ್ಮಾನಿಸಿದರು.

ಪ್ರಯೋಗ ಸುಳ್ಳಲ್ಲ. ಆದರೆ ಚೌಕಾಕಾರದ ಪೆಟ್ಟಿಗೆಯ ತೆಳು ತಗಡು ಒಳಗಿನ ಒತ್ತಡಕ್ಕೆ ಸುಲಭವಾಗಿ ಉಬ್ಬಿ ತಗ್ಗುತ್ತದೆ. ದುಂಡಗಿನ ಕೊಳವೆ ಹಾಗಲ್ಲ, ಅದು ಬಹಳ ಬಿಗಿ. ಎಣ್ಣೆಯ ಚೌಕ ಡಬ್ಬಿಯ ಬದಿಯನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಸೈಕಲ್ ಪಂಪಿನ ಕೊಳವೆಯನ್ನು ಒತ್ತಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಕೊಳಲು ದುಂಡಗಿನದು.

1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಇನ್ನೊಬ್ಬ ಅಮೆರಿಕನ್ ಭೌತವಿಜ್ಞಾನಿ ನೇರವಾಗಿ ಪರೀಕ್ಷಿಸಿದರು. ಬೆಳ್ಳಿ, ತಾಮ್ರ, ಮರ, ಹೀಗೆ ಮೂರು ಕೊಳವೆಗಳು. ಒಳಗಿನ ಅಳತೆ ಒಂದೇ, ಊದುವ ಭಾಗವೂ ಒಂದೇ ತೆರನಾದದ್ದು. ಕೇಳುವವರಿಗೆ ಕೊಳವೆ ಕಾಣುವಂತಿಲ್ಲ. ಯಾವುದು ಯಾವುದೆಂದು ಅವರು ಹೇಳಲಾರದೆ ಹೋದರು. ನುಡಿಸುವವರಿಗೂ ಕೈಯ ಭಾರದಿಂದ ಸುಳಿವು ಸಿಗದಂತೆ ಮಾಡಿದಾಗ ಅವರಿಗೂ ಗುರುತು ಹತ್ತಲಿಲ್ಲ.

2001ರಲ್ಲಿ ವಿಯೆನ್ನಾದ ಸಂಗೀತ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಮಾದರಿಯ, ಒಂದೇ ತಯಾರಕರ ಏಳು ಕೊಳಲುಗಳನ್ನು ತೆಗೆದುಕೊಂಡರು. ಬೆಳ್ಳಿಯ ಲೇಪದಿಂದ ಹಿಡಿದು ಚಿನ್ನ, ಪ್ಲಾಟಿನಂವರೆಗೆ ಬೇರೆ ಬೇರೆ ಲೋಹಗಳು. ನುಡಿಸಿದವರು ವೃತ್ತಿಪರ ವಾದಕರು. ಅಲ್ಲಿಯೂ ಕಿವಿಯಿಂದಷ್ಟೇ ಕೇಳಿ ಲೋಹವನ್ನು ಗುರುತಿಸುವುದು ಸಾಧ್ಯವಾಗಲಿಲ್ಲ. ಕೊಳಲಿನಿಂದ ಕೊಳಲಿಗಿಂತ ವಾದಕರಿಂದ ವಾದಕರಿಗೆ ಕಂಡ ವ್ಯತ್ಯಾಸವೇ ದೊಡ್ಡದು.

ಹಾಗಾದರೆ ದುಬಾರಿ ಕೊಳಲುಗಳೆಲ್ಲ ಮೋಸವೇ? ಅಲ್ಲ. ಊದುವ ರಂಧ್ರದ ಅಂಚನ್ನು ಕೆತ್ತಿದ ಬಗೆ, ಕೊಳವೆಯ ಒಳಮೈಯ ನುಣುಪು, ರಂಧ್ರಗಳು ಗಾಳಿ ಸೋರದಂತೆ ಮುಚ್ಚಿಕೊಳ್ಳುವುದು, ಇವು ನಾದವನ್ನು ನಿಜವಾಗಿಯೂ ಬದಲಿಸುತ್ತವೆ. ಪ್ಲಾಟಿನಂ ಹಾಳೆ ಕೈಗೆ ಬಂದಾಗ ಕುಶಲಕರ್ಮಿ ಅದರ ಮೇಲೆ ಹೆಚ್ಚು ಶ್ರದ್ಧೆ ಸುರಿಯುವುದು ಸಹಜ. ಒಳ್ಳೆಯ ವಾದ್ಯ ಕೈಯಲ್ಲಿದೆ ಎಂಬ ಭಾವನೆ ವಾದಕನಿಗೂ ಹುರುಪು ತಂದೀತು. ಆದರೆ ಶ್ರದ್ಧೆಗೆ ಸಲ್ಲಬೇಕಾದ ಗೌರವವನ್ನು ಲೋಹಕ್ಕೆ ಸಲ್ಲಿಸುವುದು ವಿಜ್ಞಾನವಲ್ಲ. ಬ್ಯಾರೇರ್ ಅವರ ಶಿಷ್ಯ ವಿಲಿಯಂ ಕಿನ್‌ಕೇಡ್ ನುಡಿಸುತ್ತಿದ್ದ ಪ್ಲಾಟಿನಂ ಕೊಳಲೊಂದು 1986ರ ಹರಾಜಿನಲ್ಲಿ 1,87,000 ಡಾಲರಿಗೆ ಮಾರಾಟವಾಯಿತು. ಆ ಬೆಲೆ ಲೋಹದ್ದು, ಇತಿಹಾಸದ್ದು, ನಾದದ ಅಳತೆಯಲ್ಲ.

ಗಾಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 0.0012 ಗ್ರಾಂ. ನಮ್ಮ ಒಂದು ಲೀಟರಿನ ಚೊಂಬಿನಲ್ಲಿ ಹಿಡಿಯುವ ಗಾಳಿಯ ತೂಕ ಹೆಚ್ಚೆಂದರೆ ಒಂದೂಕಾಲು ಗ್ರಾಂ. ಪ್ಲಾಟಿನಂ ಅದಕ್ಕಿಂತ ಸುಮಾರು ಹದಿನೆಂಟು ಸಾವಿರ ಪಟ್ಟು ಸಾಂದ್ರ. ಕೃತಿಗೆ ಹೆಸರು ಕೊಟ್ಟದ್ದು 21.5. ಆದರೆ ಆ ಸಂಜೆ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ್ದು 0.0012!

ಕೇಳುವುದು ಹೇಗೆ?

ಲೋಹದ ಮಾತು ಬಿಟ್ಟರೂ ಕೃತಿ ಉಳಿಯುತ್ತದೆಯೇ? ಚೆನ್ನಾಗಿಯೇ ಉಳಿದಿದೆ. ಇಂದು ಜಗತ್ತಿನಾದ್ಯಂತ ವಾದಕರು ಅದನ್ನು ಹೆಚ್ಚಾಗಿ ನುಡಿಸುವುದು ಬೆಳ್ಳಿಯ ಕೊಳಲುಗಳಲ್ಲಿ. ಒಂಟಿ ಕೊಳಲಿಗೆ ಅದಕ್ಕೆ ಮೊದಲೂ ದೊಡ್ಡ ಕೃತಿಗಳಿದ್ದವು: ಹದಿನೆಂಟನೆಯ ಶತಮಾನದಲ್ಲಿ ಜೆ. ಎಸ್. ಬಾಖ್, ಟೆಲೆಮಾನ್ ಬರೆದವು. 1913ರಲ್ಲಿ ಡೆಬ್ಯುಸಿ ಬರೆದ ‘ಸಿರಿಂಕ್ಸ್’. ವಾರೆಜ್ ಕೃತಿ ಅವುಗಳಿಗಿಂತ ಬೇರೆಯಾಗುವುದು ಎಲ್ಲಿ? ಕೇಳುವಾಗ ನಾಲ್ಕು ಸಂಗತಿಗಳತ್ತ ಗಮನ ಕೊಡಿ.

ಮೊದಲನೆಯದು, ಆರಂಭದ ಮೂರು ಸ್ವರಗಳು: ಎಫ್, ಇ, ಎಫ್ ಶಾರ್ಪ್. ಎಲ್ಲವೂ ಅಕ್ಕಪಕ್ಕದವು. ನಿಂತಲ್ಲಿಂದ ಅರ್ಧ ಹೆಜ್ಜೆ ಕೆಳಗಿಳಿದು, ಮತ್ತೆ ನಿಂತ ಜಾಗಕ್ಕಿಂತ ಅರ್ಧ ಹೆಜ್ಜೆ ಮೇಲೆ ಹೋಗಿ ನಿಲ್ಲುತ್ತದೆ. ಈ ಪುಟ್ಟ ಬೀಜದಿಂದಲೇ ಮುಂದಿನದೆಲ್ಲ ಮೊಳೆಯುತ್ತದೆ. ಪುನಃ ಪುನಃ ಅದು ತಲೆ ಹಾಕುವುದನ್ನು ಗುರುತಿಸಿ.

ಎರಡನೆಯದು, ಒಂದು ಅಂತರ. ಸ್ವಲ್ಪದರಲ್ಲೇ ಸಿ ಶಾರ್ಪ್ ಮತ್ತು ಜಿ ಸ್ವರಗಳು ಎದುರುಬದುರಾಗುತ್ತವೆ. ಇದು ನಮ್ಮ ಷಡ್ಜ, ಪ್ರತಿಮಧ್ಯಮಗಳ ನಡುವಿನ ಅಂತರ. ಪಾಶ್ಚಾತ್ಯ ಸಮಶ್ರುತಿಯಲ್ಲಿ ಅದು ಸಪ್ತಕವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಆವೃತ್ತಿಗಳ ಅನುಪಾತ ಎರಡರ ವರ್ಗಮೂಲ, 1.414. ಷಡ್ಜ ಪಂಚಮಗಳ ನಡುವಿನ ನೆಮ್ಮದಿ ಇಲ್ಲಿಲ್ಲ. ಹಿಂದೆ ತಂಬೂರಿಯೂ ಇಲ್ಲದ ಕಾರಣ ಮನೆ ಯಾವುದು, ಹೊರಗೆ ಯಾವುದು ಎಂದು ಕಿವಿ ಹುಡುಕುತ್ತಲೇ ಇರುತ್ತದೆ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಮೊದಲ ಸಲ ಇದು ಕಸಿವಿಸಿ ತರಬಹುದು. ಗಾಬರಿ ಬೇಡ, ಕಸಿವಿಸಿ ಕೃತಿಯ ಒಂದು ಭಾಗ.

ಮೂರನೆಯದು, ಬಲ. ಮೃದುವಾಗಿ ಹೊರಟ ಸ್ವರ ಇದ್ದಕ್ಕಿದ್ದಂತೆ ಅಬ್ಬರಿಸುತ್ತದೆ. ಕೊಳಲಿನಲ್ಲಿ ಇದು ಸುಲಭವಲ್ಲ. ಉಸಿರನ್ನು ಜೋರು ಮಾಡಿದರೆ ಸ್ವರವೂ ಮೇಲಕ್ಕೆ ಜಾರುತ್ತದೆ. ಇನ್ನೂ ಜೋರಾದರೆ ಮೇಲಿನ ಸಪ್ತಕಕ್ಕೇ ಹಾರಿಬಿಡುತ್ತದೆ. ವಾದಕ ತುಟಿಯ ಕೋನವನ್ನು ಕೂದಲೆಳೆಯಷ್ಟು ಬದಲಿಸುತ್ತಾ ಸ್ವರವನ್ನು ಹಿಡಿದು ನಿಲ್ಲಿಸಬೇಕು. ಕೆಳಸ್ಥಾಯಿಯಿಂದ ತಾರಸ್ಥಾಯಿಯ ತುದಿಯವರೆಗೆ ಸುಮಾರು ಮೂರು ಸಪ್ತಕಗಳಲ್ಲಿ ಈ ಸಾಹಸ ನಡೆಯುತ್ತದೆ.

ನಾಲ್ಕನೆಯದು, 24ನೆಯ ಬಾರ್‌ನ ಹೊತ್ತಿಗೆ ಬರುವ ವಿಚಿತ್ರ ಸದ್ದು. ಪಾಶ್ಚಾತ್ಯ ಕೊಳಲಿನ ರಂಧ್ರಗಳನ್ನು ಮುಚ್ಚುವುದು ಕೀಗಳಿಗೆ ಅಂಟಿಸಿದ ಮೆತ್ತೆಗಳು. ಮೆಲ್ಲನೆ ಊದುತ್ತಲೇ ಕೀಗಳನ್ನು ಬಡಿಯಬೇಕೆಂದು ವಾರೆಜ್ ಸ್ವರಲಿಪಿಯಲ್ಲಿ ಕೂಡುವ ಚಿಹ್ನೆ ಹಾಕಿ ಸೂಚಿಸಿದ್ದಾರೆ. ರಂಧ್ರ ಥಟ್ಟನೆ ಮುಚ್ಚಿದಾಗ ಒಳಗಿನ ಗಾಳಿಗೆ ಒಂದು ಪೆಟ್ಟು ಬಿದ್ದು, ಕೊಳವೆ ತನ್ನ ಸ್ವರದಲ್ಲೇ ‘ಟೊಪ್’ ಎನ್ನುತ್ತದೆ. ಒಂದೇ ಕೊಳವೆಯಲ್ಲಿ ಉಸಿರೂ ಇದೆ, ತಾಳವೂ ಇದೆ! ಕೊಳಲಿಗಾಗಿ ಬರೆದ ಸಂಗೀತದಲ್ಲಿ ಈ ಸದ್ದನ್ನು ಬಳಸಿದ ಮೊದಮೊದಲ ಕೃತಿಗಳಲ್ಲಿ ಇದು ಮುಖ್ಯವಾದುದು. ಇಂದು ಅದು ವಾದಕರ ಪಾಠದ ಭಾಗವೇ ಆಗಿದೆ.

ಮಾಡಿ ನೋಡಿ

ನಾನು ಹೇಳಿದ್ದನ್ನು ನಂಬಬೇಡಿ, ಪರೀಕ್ಷಿಸಿ. ಒಳವ್ಯಾಸ ಒಂದೇ ಇರುವ ಒಂದು ಪ್ಲಾಸ್ಟಿಕ್ ಪೈಪು, ಒಂದು ಲೋಹದ ಪೈಪು, ಸಾಧ್ಯವಾದರೆ ಒಂದು ಬಿದಿರಿನ ತುಂಡು ತನ್ನಿ. ಮೂರನ್ನೂ ಸರಿಯಾಗಿ 16 ಸೆಂಟಿಮೀಟರಿಗೆ ಕತ್ತರಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಒಂದೇ ರೀತಿ ನುಣುಪು ಮಾಡಿ. ಕೆಳತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಮೇಲ್ತುದಿಯ ಅಂಚಿಗೆ ಅಡ್ಡಲಾಗಿ ಊದಿ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ತರಂಗಾಂತರ ಉದ್ದದ ನಾಲ್ಕರಷ್ಟು. ಆವೃತ್ತಿ ಎಷ್ಟು ಬರಬೇಕೆಂದು ನೀವೇ ಲೆಕ್ಕ ಹಾಕಿ. ಈಗ ಗೆಳೆಯನನ್ನು ಬೆನ್ನು ತಿರುಗಿಸಿ ನಿಲ್ಲಿಸಿ. ಯಾವುದು ಯಾವುದೆಂದು ಇಪ್ಪತ್ತು ಸಲ ಕೇಳಿ, ಉತ್ತರಗಳನ್ನು ಬರೆದಿಡಿ. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲೊಂದು ಪಾಲು ಸರಿಯಾಗುತ್ತದೆ ಎಂಬುದು ನೆನಪಿರಲಿ. ಕೊನೆಗೆ ಒಂದು ಪೈಪಿನ ಅಂಚನ್ನು ಅರದಿಂದ ಒರಟು ಮಾಡಿ ಊದಿ ನೋಡಿ. ವಸ್ತು ಬದಲಿಸಿದಾಗ ಆಗದ ಬದಲಾವಣೆ ಅಂಚು ಬದಲಿಸಿದಾಗ ಆಗುತ್ತದೆಯೇ?

ಬದಿಗಿಟ್ಟಿದ್ದ ಆ ಭಾಗವನ್ನು ಮುಂದೊಂದು ದಿನ ಮತ್ತೆ ಚಿತ್ರೀಕರಿಸಿದೆವು. ನನ್ನ ಹಳೆಯ ಸಾಲು ತೆಗೆದುಹಾಕಿ, ಆ ಜಾಗದಲ್ಲಿ ಹುಡುಗಿಯ ಪ್ರಶ್ನೆಯನ್ನೇ ಇಟ್ಟೆವು. ಆಕೆ ತನ್ನ ಬಿದಿರಿನ ಕೊಳಲು ತಂದಿದ್ದಳು. ಬಿದಿರಿನ ಸಾಂದ್ರತೆ ಒಂದಕ್ಕಿಂತ ಕಡಿಮೆ, ನೀರಿನಲ್ಲಿ ಹಾಕಿದರೆ ತೇಲುತ್ತದೆ. ಆಕೆ ಮಂದ್ರದ ಒಂದು ಸ್ವರ ಹಿಡಿದು ನಿಲ್ಲಿಸಿದಾಗ ಧ್ವನಿ ವಿಭಾಗದ ಸಹೋದ್ಯೋಗಿ ಹೆಡ್‌ಫೋನಿನ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿ ತಲೆದೂಗಿದರು. ನಾದ ಗಂಭೀರವಾಗಿಯೇ ಇತ್ತು.